ಮಗು ಕಾರಿನಲ್ಲೇ ಉಳಿದುಬಿಡದಂತೆ ನೀವು ಏನು ಮಾಡುತ್ತೀರಿ?

ಹ್ಯೂಸ್ಟನ್‌ನಿಂದ ಕೇಳುತ್ತಿದ್ದೇನೆ. ಮಗಳಿಗೆ 9 ತಿಂಗಳು. ಮುಂದಿನ ವಾರ ನಾನು ಮತ್ತೆ ಕೆಲಸಕ್ಕೆ ಸೇರುತ್ತೇನೆ. ಡೇಕೇರ್‌ಗೆ ಬಿಡುವುದು ನಮ್ಮ ಮನೆಯವರು. ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೇವೆ. ಹಿಂದಿನ ಸೀಟು ನೆನಪಿಸುವ ಅಲಾರಂ ಇರುವ ಕಾರೇ ಬೇಕಾ? ಬೇರೆ ಏನಾದರೂ ಸಾಕಾ? ಬಿಸಿ ಕಾರಿನ ಸುದ್ದಿಗಳನ್ನು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಬಳಸಿದವರು ದಯವಿಟ್ಟು ಹೇಳಿ.

ಡಾಲಸ್‌ನಿಂದ:

ದಿನಾ ಮಗನನ್ನು ಬಿಡುತ್ತಿದ್ದದ್ದು ನನ್ನ ಹೆಂಡತಿ. ಒಂದು ಮಂಗಳವಾರ ನಾನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಅವನಿಗೆ ನಿದ್ದೆ ಬಂತು. ಹಿಂದಕ್ಕೆ ಮುಖ ಮಾಡಿದ ಸೀಟು, ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ. ಡೇಕೇರ್ ತಿರುವು ದಾಟಿ ಆಫೀಸಿನ ದಾರಿ ಹಿಡಿದುಬಿಟ್ಟಿದ್ದೆ. ಸಿಗ್ನಲ್‌ನಲ್ಲಿ ನಿಂತಾಗ ಅವನು ಕೆಮ್ಮಿದ. ಆ ಕೆಮ್ಮು ನೆನೆದರೆ ಇವತ್ತಿಗೂ ಕೈ ನಡುಗುತ್ತದೆ.

ಹೆತ್ತವರು ಮರೆಯುತ್ತಾರಾ ಅಂತ ಕೇಳುವವರು ಇದ್ದಾರೆ. ಮರೆಯುತ್ತಾರೆ. ಫ್ಲೋರಿಡಾದ ವಿಜ್ಞಾನಿ ಡೇವಿಡ್ ಡೈಮಂಡ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ರೂಢಿಯ ದಾರಿಯಲ್ಲಿ ಹೋಗುವಾಗ ಮಿದುಳು ರೂಢಿಯಂತೆಯೇ ಓಡಿಸುತ್ತದೆ, ಇವತ್ತಿನ ಬೇರೆ ಕೆಲಸ ಹಿಂದೆ ಬೀಳುತ್ತದೆ. ಅಮೆರಿಕದಲ್ಲಿ 1998ರಿಂದ ವರ್ಷಕ್ಕೆ ಸರಾಸರಿ 37ರಷ್ಟು ಮಕ್ಕಳು ಕಾರಿನ ಬಿಸಿಗೆ ಹೋಗಿಬಿಟ್ಟಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಹೀಗೆ ಮರೆತಾಗಲೇ. ಹತ್ತೇ ನಿಮಿಷದಲ್ಲಿ ಕಾರಿನೊಳಗೆ 10 ಡಿಗ್ರಿ ಸೆಲ್ಸಿಯಸ್ ಏರಬಹುದು. ಕಿಟಕಿ ಚೂರು ಇಳಿಸಿದರೆ ಏನೂ ಪ್ರಯೋಜನ ಇಲ್ಲ.

ಈಗ ಕಾರಿನ ಮಾತು. ಅಲಾರಂ ಇದೆ ಅಂತ ಮಾರುವವರು ಹೇಳಿದರೆ, ಅದು ಬಾಗಿಲನ್ನು ನೋಡುತ್ತದಾ ಮಗುವನ್ನು ನೋಡುತ್ತದಾ ಅಂತ ಕೇಳಿ. ನಮ್ಮದು ಬಾಗಿಲಿನದು. ಹೊರಡುವ ಮೊದಲು ಹಿಂದಿನ ಬಾಗಿಲು ತೆಗೆದಿದ್ದರೆ, ಇಂಜಿನ್ ಆಫ್ ಮಾಡಿದಾಗ ಸದ್ದು ಮಾಡುತ್ತದೆ. ಅಷ್ಟೇ. ಒಳಗೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ನಾನು ಬ್ಯಾಗ್ ಇಟ್ಟರೂ ಕೂಗುತ್ತದೆ, ಒಂದೇ ತಿಂಗಳಲ್ಲಿ ಕಿವಿಗೆ ಒಗ್ಗಿಹೋಯಿತು. ಇನ್ನೊಂದು ತೊಂದರೆ: ದಾರಿಯಲ್ಲಿ ಪೆಟ್ರೋಲ್‌ಗೆ ನಿಲ್ಲಿಸಿದಾಗ ಒಮ್ಮೆ ಕೂಗಿಬಿಡುತ್ತದೆ. ಆಮೇಲೆ ಹಿಂದಿನ ಬಾಗಿಲು ತೆಗೆಯದೆ ಹೊರಟರೆ ಆಫೀಸಿನ ಹತ್ತಿರ ಕೂಗುವುದಿಲ್ಲ. ಅಲ್ಟ್ರಾಸಾನಿಕ್ ಸೆನ್ಸರ್ ಇರುವ ಕಾರುಗಳು ಅಲುಗಾಟ ಹಿಡಿಯುತ್ತವೆ, ಆದರೆ ಗಾಢ ನಿದ್ದೆಯ ಮಗು ಅಲುಗುವುದೇ ಕಡಿಮೆ ಅಲ್ವಾ? ರಾಡಾರ್ ಇರುವವು ಉಸಿರಾಟದ ಏರಿಳಿತವನ್ನೂ ಹಿಡಿಯುತ್ತವೆ, ಹೊದಿಕೆ ಹೊದಿಸಿದ್ದರೂ. ಯುರೋಪಿನ ಸುರಕ್ಷತಾ ಪರೀಕ್ಷೆ ಯೂರೋ ಎನ್‌ಕ್ಯಾಪ್ 2025ರಿಂದ ಮಗುವನ್ನೇ ನೇರವಾಗಿ ಗುರುತಿಸುವ ವ್ಯವಸ್ಥೆಗೆ ಮಾತ್ರ ಅಂಕ ಕೊಡುತ್ತಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ರಾಡಾರ್ ಸಿಗುವುದು ಕಷ್ಟ. ಅದಕ್ಕಾಗಿ ಕಾದು ಕೂರಬೇಡಿ.

ನಾವು ನಂಬಿರುವುದು ಒಂದು ಫೋನ್ ಕರೆಯನ್ನು. 9 ಗಂಟೆಯೊಳಗೆ ಮಗ ಬಾರದಿದ್ದರೆ ನಮ್ಮಿಬ್ಬರಿಗೂ ಫೋನ್ ಮಾಡಬೇಕು ಅಂತ ಡೇಕೇರ್‌ಗೆ ಬರೆದು ಕೊಟ್ಟಿದ್ದೇವೆ. ಮೆಸೇಜ್ ಬೇಡ, ಮೀಟಿಂಗ್‌ನಲ್ಲಿ ಯಾರೂ ನೋಡುವುದಿಲ್ಲ. ರಜೆ ಇದ್ದರೆ ಹಿಂದಿನ ರಾತ್ರಿಯೇ ನಾವು ತಿಳಿಸುತ್ತೇವೆ. ಜೊತೆಗೆ ನನ್ನ ಆಫೀಸ್ ಬ್ಯಾಡ್ಜ್ ಮಗನ ಸೀಟಿನ ಪಕ್ಕ ಇರುತ್ತದೆ. ಅದಿಲ್ಲದೆ ನನಗೆ ಬಾಗಿಲು ತೆರೆಯುವುದಿಲ್ಲ.

ಮಿಲಾನ್‌ನಿಂದ:

ಇಟಲಿಯಲ್ಲಿ 4 ವರ್ಷದೊಳಗಿನ ಮಕ್ಕಳ ಸೀಟಿಗೆ ಮಗು ಕಾರಿನಲ್ಲೇ ಉಳಿದರೆ ಎಚ್ಚರಿಸುವ ಸಾಧನ 2019ರ ನವೆಂಬರ್‌ನಿಂದ ಕಡ್ಡಾಯ. ಇಲ್ಲದಿದ್ದರೆ ದಂಡ ಇದೆ. ನಮ್ಮದು ಮಗುವಿನ ಕೆಳಗೆ ಹಾಸುವ ತೆಳು ದಿಂಬು. ಮಗು ಕೂತಿದ್ದಾಗ ನಾನು ಫೋನ್ ಹಿಡಿದು ದೂರ ಹೋದರೆ ಫೋನ್ ಜೋರಾಗಿ ಕೂಗುತ್ತದೆ. ನಾನು ನೋಡದಿದ್ದರೆ ನನ್ನ ಗಂಡನಿಗೆ ಮೆಸೇಜ್ ಹೋಗುತ್ತದೆ. ಹಳೇ ಕಾರಿಗೂ ಆಗುತ್ತದೆ, ಅದೇ ಇದರ ಲಾಭ. ಆದರೆ ಬ್ಲೂಟೂತ್ ಆಫ್ ಆಗಿದ್ದರೆ ಏನೂ ಇಲ್ಲ. ಹೊಸ ಫೋನ್ ತಗೊಂಡಾಗ ನಾನು ಎರಡು ವಾರ ಜೋಡಿಸದೇ ಓಡಾಡಿದ್ದೆ. ಈಗ ಪ್ರತಿ ತಿಂಗಳ 1ನೇ ತಾರೀಖು ದಿಂಬಿನ ಮೇಲೆ ಭಾರ ಇಟ್ಟು, ದೂರ ನಡೆದು ಪರೀಕ್ಷೆ ಮಾಡುತ್ತೇನೆ. ನಿಮ್ಮಲ್ಲಿ ಕೊಳ್ಳುವುದಾದರೆ ನಿಮ್ಮ ಸೀಟಿನ ಕಂಪನಿ ಅದನ್ನು ಒಪ್ಪುತ್ತದಾ ಅಂತ ಮೊದಲು ನೋಡಿ.

ಮೈಸೂರಿನಿಂದ:

ನೋಡಮ್ಮ, ಮಗು ನಡೆಯಲು ಕಲಿತ ಮೇಲೆ ಇನ್ನೊಂದು ಭಯ ಶುರುವಾಗುತ್ತದೆ. ನನ್ನ ಮೊಮ್ಮಗ ಕಣ್ಣಾಮುಚ್ಚಾಲೆ ಆಡುತ್ತಾ ಕಾಂಪೌಂಡಿನಲ್ಲಿ ನಿಂತ ಕಾರಿನೊಳಗೆ ಹೋಗಿ ಕೂತಿದ್ದ. ಚೈಲ್ಡ್ ಲಾಕ್ ಹಾಕಿತ್ತು, ಒಳಗಿನಿಂದ ಹಿಂದಿನ ಬಾಗಿಲು ತೆಗೆಯಲು ಆಗಲಿಲ್ಲ. ಪಕ್ಕದ ಮನೆಯವರು ನೋಡಿದ್ದರಿಂದ ಉಳಿದ. ಈಗ ಮನೆ ಮುಂದೆ ನಿಂತರೂ ಕಾರು ಲಾಕ್, ಕೀ ಎತ್ತರದ ಮೊಳೆಗೆ. ಮುಂದಿನ ಸೀಟಿಗೆ ದಾಟಿ ಹಾರ್ನ್ ಒತ್ತುವುದನ್ನೂ ಅವನಿಗೆ ಕಲಿಸಿದ್ದೇವೆ. ನಮ್ಮ ಕಾರಿನಲ್ಲಿ ಕೀ ಇಲ್ಲದಿದ್ದರೂ ಹಾರ್ನ್ ಆಗುತ್ತದೆ. ನೀವು ಕೊಳ್ಳುವ ಕಾರಿನಲ್ಲಿ ಒಮ್ಮೆ ಒತ್ತಿ ನೋಡಮ್ಮ.