ಅಪ್‌ಡೇಟ್: ಬೆಚ್ಚಗಿನ ಊರಿಗೆ, ಅಕ್ಕನ ಹತ್ತಿರಕ್ಕೆ ಹೋಗೋದಾ ಬೇಡ್ವಾ?

ಚಳಿಗಾಲ ಬಂದರೆ ನಮ್ಮೆಜಮಾನರ ಆಸ್ತಮಾ ಜಾಸ್ತಿಯಾಗುತ್ತದೆ, ಮನೆ ಮಾರಿ ಅಕ್ಕ ಇರುವ ಬೆಚ್ಚಗಿನ ಊರಿಗೆ ಹೋಗಿಬಿಡಲಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹೋಗುತ್ತಿದ್ದೇವೆ. ಆದರೆ ಮನೆ ಮಾರುತ್ತಿಲ್ಲ, ಬಾಡಿಗೆಗೆ ಕೊಡುತ್ತೇವೆ. ಅಲ್ಲೂ ಸದ್ಯಕ್ಕೆ ಬಾಡಿಗೆ ಮನೆಯೇ.

ಕಡು ಬೇಸಿಗೆಯಲ್ಲೇ ಹೋಗಿ ಇದ್ದು ನೋಡಿ ಎಂದವರ ಮಾತು ತುಂಬಾ ಉಪಯೋಗವಾಯಿತು. ತಣ್ಣನೆಯ ಒಣಗಾಳಿ ಶ್ವಾಸನಾಳವನ್ನು ಕೆರಳಿಸುತ್ತದೆ, ಆ ಕಾಟ ಅಲ್ಲಿಲ್ಲ, ನಿಜ. ಆದರೆ ಸೆಕೆಯ ಜೊತೆ ತೇವವೂ ಇದ್ದರೆ ಬೂಷ್ಟು, ಧೂಳಿನ ನುಸಿ ಬೆಳೆಯುತ್ತವೆ. ಅವೂ ಆಸ್ತಮಾಕ್ಕೆ ಆಗಿಬರುವುದಿಲ್ಲ. ಅದಕ್ಕೇ ಗಾಳಿ ಬೆಳಕು ಚೆನ್ನಾಗಿರುವ, ಗೋಡೆ ತೇವ ಹಿಡಿಯದ ಮನೆ ಹುಡುಕಿದೆವು. ನನ್ನ ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡಿಸುವಂಥದ್ದು. ಸೆಕೆಯಲ್ಲಿ ಮೈಯ ನೀರಿನಂಶ ಬೇಗ ಕಡಿಮೆಯಾಗಬಹುದು. ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಡೋಸ್ ಬಗ್ಗೆ ಮಾತಾಡಬೇಕು.

ಅಕ್ಕನ ಪಕ್ಕದ ಮನೆಯೇ ಖಾಲಿಯಿತ್ತು. ಬೇಡ ಎಂದೆವು. ಹತ್ತಿರ ಬೇಕು, ಆದರೆ ಕಿಟಕಿಯಿಂದ ಕರೆದರೆ ಕೇಳುವಷ್ಟು ಹತ್ತಿರ ಬೇಡ, ಅಲ್ವಾ? ಅಕ್ಕನಿಗೆ ಸ್ವಲ್ಪ ಮುನಿಸು. ಇಳಿಯುತ್ತೆ ಬಿಡಿ.

ಇನ್ನು ಬಾಕಿ ಇರುವುದು ಮಗಳ ಶಾಲೆ. ಅವಳ ಪರೀಕ್ಷೆ ಮುಗಿದ ಮೇಲೆಯೇ ಹೊರಡುವುದು.