ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ಉಚ್ಚಾರ: ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

ಪ್ರಶ್ನೆ: ಮಗಳು ಈಗಷ್ಟೇ ಇಂಗ್ಲಿಷ್ ಓದಲು ಶುರು ಮಾಡಿದ್ದಾಳೆ. ಕನ್ನಡದಲ್ಲಿ ಬರೆದ ಹಾಗೇ ಓದಿ ಅಭ್ಯಾಸ. ‘ಸಿ’ ಅಕ್ಷರ ಕ್ಯಾಟ್‌ನಲ್ಲಿ ‘ಕ’, ಸಿಟಿಯಲ್ಲಿ ‘ಸ’ ಯಾಕೆ ಅಂತ ಕೇಳುತ್ತಾಳೆ. ‘ಜಿ’ಯದ್ದೂ ಇದೇ ಕಥೆ. ಬಾಯಿಪಾಠ ಮಾಡಿಸುವುದೊಂದೇ ದಾರಿಯಾ? ನೀವು ಏನು ಮಾಡಿದಿರಿ, ಹೇಳಿ.

ಉತ್ತರ: ಬಾಯಿಪಾಠ ಬೇಡವೇ ಬೇಡ. ‘ಸಿ’ ಬಂದ ಕಡೆ ಅದರ ಮುಂದಿನ ಅಕ್ಷರ ನೋಡಲು ಹೇಳಿ. ಇ, ಐ, ವೈ ಇದ್ದರೆ ‘ಸ’. ಎಚ್ ಒಂದು ಬಿಟ್ಟು ಬೇರೆ ಏನು ಬಂದರೂ ‘ಕ’. ನಾನು ಮಗನಿಗೆ ‘ಸೈಕಲ್’ ಬರೆದು ತೋರಿಸಿದೆ. ಅದರಲ್ಲಿ ಎರಡು ‘ಸಿ’ ಇವೆ. ಮೊದಲನೆಯದರ ಮುಂದೆ ವೈ, ಹಾಗಾಗಿ ‘ಸೈ’. ಎರಡನೆಯದರ ಮುಂದೆ ಎಲ್, ಹಾಗಾಗಿ ‘ಕಲ್’. ಆಮೇಲೆ ‘ಸರ್ಕಸ್’ ಅವನೇ ಬಿಡಿಸಿದ. ‘ಆಕ್ಸಿಡೆಂಟ್’ನಲ್ಲಿ ಎರಡು ‘ಸಿ’ ಅಕ್ಕಪಕ್ಕ ಕೂತಿವೆ, ಒಂದು ‘ಕ್’, ಇನ್ನೊಂದು ‘ಸಿ’. ಆ ‘ಕ್ಸಿ’ ಎಲ್ಲಿಂದ ಬಂತು ಅಂತ ಹೊಳೆದಾಗ ಅವನ ಮುಖ ನೋಡಬೇಕಿತ್ತು! ಓಷನ್, ಸ್ಪೆಷಲ್‌ನಂಥವು ಈ ಲೆಕ್ಕಕ್ಕೆ ಸಿಗಲ್ಲ. ಅವು ಎದುರಾದಾಗ ಹೇಳಿದರೆ ಸಾಕು.

ಉತ್ತರ: ‘ಜಿ’ ಮಾತ್ರ ಇಷ್ಟು ಹೇಳಿದ ಮಾತು ಕೇಳಲ್ಲ. ಮುಂದೆ ಇ, ಐ, ವೈ ಇದ್ದರೆ ‘ಜ’ ಅನ್ನುವ ಲೆಕ್ಕಕ್ಕೆ ಜೈಂಟ್, ಜೆಂಟಲ್, ಜಿಮ್ ಸರಿ ಹೋಗುತ್ತವೆ. ಗೆಟ್, ಗಿವ್, ಗಿಫ್ಟ್ ಅಡ್ಡ ಬರುತ್ತವೆ. ಇವು ಜರ್ಮನಿಕ್ ಬೇರಿನ, ಅಂದರೆ ಇಂಗ್ಲಿಷ್, ಜರ್ಮನ್ ಸೇರಿದ ಭಾಷಾ ಕುಟುಂಬದ ಪದಗಳು. ಜೈಂಟ್, ಜೆಂಟಲ್ ಫ್ರೆಂಚಿನಿಂದ ಬಂದವು. 1066ರಲ್ಲಿ ಫ್ರೆಂಚ್ ಮಾತಾಡುತ್ತಿದ್ದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಂಥ ಪದಗಳು ರಾಶಿ ರಾಶಿ ಸೇರಿಕೊಂಡವು. ಸ್ವಲ್ಪ ದೊಡ್ಡ ಮಕ್ಕಳಿಗೆ ಈ ಕಥೆ ಹೇಳಿ, ಚೆನ್ನಾಗಿ ನೆನಪಿರುತ್ತದೆ. ಗೆಸ್ಟ್, ಗೈಡ್ ಬರೆಯುವಾಗ ‘ಜಿ’ ಪಕ್ಕ ಒಂದು ‘ಯು’ ಇರುತ್ತದಲ್ಲ, ಅದಕ್ಕೆ ತನ್ನದೇ ಸದ್ದಿಲ್ಲ. ‘ಗ’ ಹೋಗಿ ‘ಜ’ ಆಗದಂತೆ ಕಾವಲು ನಿಂತಿದೆ, ಅಷ್ಟೇ.

ಉತ್ತರ: ದಯವಿಟ್ಟು ‘ಎಸ್’ ಮರೆಯಬೇಡಿ. ಕನ್ನಡದವರಿಗೆ ಜಾಸ್ತಿ ತೊಡಕು ಅಲ್ಲೇ. ‘ಕ್ಯಾಟ್ಸ್’ನಲ್ಲಿ ಅದು ‘ಸ್’. ‘ಡಾಗ್ಜ಼್’ನಲ್ಲಿ ‘ಜ಼್’, ಬರೆಯುವುದು ಮಾತ್ರ ಎಸ್. ಈ ‘ಜ಼್’ ನಮ್ಮ ಅಕ್ಷರಮಾಲೆಯಲ್ಲಿ ಇಲ್ಲ, ಕೆಳಗೆ ಚುಕ್ಕಿ ಇಟ್ಟು ಬರೆಯುತ್ತೇವೆ. ಮಗುವಿನ ಬೆರಳನ್ನು ಅದರ ಗಂಟಲ ಮೇಲೆ ಇಡಿಸಿ. ‘ಸ್ಸ್ಸ್’ ಅಂದಾಗ ಏನೂ ಆಗಲ್ಲ. ‘ಜ಼್ಜ಼್’ ಅಂದಾಗ ಒಳಗೆ ನಡುಗುತ್ತದೆ. ಡಾಗ್‌ನ ‘ಗ್’ ನಡುಗಿಸುವ ಸದ್ದು, ಅದರ ಹಿಂದೆಯೇ ಎಸ್ ಕೂಡ ನಡುಗುತ್ತದೆ. ಕ್ಯಾಟ್‌ನ ‘ಟ್’ ಹಾಗಲ್ಲ. ಇದೇ ಪರೀಕ್ಷೆ ‘ಡಿ’ಗೂ ನಡೆಯುತ್ತದೆ. ‘ವಾಕ್’ಗೆ ಇ, ಡಿ ಸೇರಿಸಿದರೆ ಕೇಳುವುದು ‘ವಾಕ್ಟ್’. ‘ಪ್ಲೇ’ಗೆ ಸೇರಿಸಿದರೆ ‘ಪ್ಲೇಡ್’. ‘ಹತ್ತಿರ’ ಅನ್ನುವ ಅರ್ಥದ ‘ಕ್ಲೋಸ್’, ‘ಮುಚ್ಚು’ ಅನ್ನುವ ಅರ್ಥದ ‘ಕ್ಲೋಜ಼್’ ಬರೆಯುವುದರಲ್ಲಿ ಒಂದೇ. ಅಲ್ಲಿ ವಾಕ್ಯ ಪೂರ್ತಿ ಓದದೆ ಬೇರೆ ಗತಿ ಇಲ್ಲ.

ಉತ್ತರ: ಮೊದಲ ಉತ್ತರದಲ್ಲಿ ಎಚ್ ಬಿಟ್ಟಿದ್ದಾರೆ, ಅಲ್ವಾ? ‘ಸಿ’, ಎಚ್ ಜೋಡಿ ಸಾಮಾನ್ಯವಾಗಿ ‘ಚ’, ಚೇರ್ ಥರ. ಗ್ರೀಕ್ ಮೂಲದ ಸ್ಕೂಲ್, ಕೆಮಿಸ್ಟ್ರಿಯಲ್ಲಿ ‘ಕ’. ಫ್ರೆಂಚಿನಿಂದ ಬಂದ ಮಷೀನ್, ಶೆಫ್‌ನಲ್ಲಿ ‘ಶ’. ಚಿಕ್ಕ ಮಗುವಿಗೆ ಸದ್ಯಕ್ಕೆ ಚೇರ್, ಸ್ಕೂಲ್ ಎರಡೇ ಸಾಕು.