ಸದ್ದು ಕಡಿಮೆ ಇರುವ ಬೇಟೆಬಿಲ್ಲು: ಯಾವ ಸದ್ದಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಬಿಲ್ಲುಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಕಡೆ ಬಿಲ್ಲು ಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸದ್ದು ಕಡಿಮೆ ಇರುವ ಕಾಂಪೌಂಡ್ ಬಿಲ್ಲನ್ನು, ಅಂದರೆ ತುದಿಗಳಲ್ಲಿ ಗಾಲಿ ಇರುವ ಬಿಲ್ಲನ್ನು, ಆರಿಸಿಕೊಳ್ಳುವುದು ಹೇಗೆ ಅನ್ನುವುದು ಅದರಲ್ಲಿ ಒಂದು ಅಧ್ಯಾಯ. ಬರೆಯುತ್ತಾ ಹೋದಂತೆ ಪದಗಳ ಪ್ರಶ್ನೆ ಒಂದರ ಹಿಂದೆ ಒಂದು ಏಳುತ್ತಿದೆ. ನಿಮ್ಮ ಸಲಹೆ ಬೇಕು.

ಮೊದಲ ತೊಡಕು ಇದು. ಬಿಲ್ಲಿನ ಸದ್ದು ಅಂದರೆ ತಟ್ಟನೆ ನೆನಪಾಗುವುದು ಠೇಂಕಾರ. ಹಳಗನ್ನಡದಲ್ಲಿ ಜೇವೊಡೆ ಅನ್ನುವ ಚಂದದ ಪದವೂ ಇದೆ. ಜೇ ಅಂದರೆ ಹೆದೆ, ಸಂಸ್ಕೃತದ ಜ್ಯಾ ಅನ್ನುವುದರ ತದ್ಭವ. ಹೆದೆಯನ್ನು ಮಿಡಿದು ದನಿ ಎಬ್ಬಿಸುವುದೇ ಜೇವೊಡೆಯುವುದು. ಕಾವ್ಯದಲ್ಲಿ ವೀರನೊಬ್ಬ ಜೇವೊಡೆದರೆ ಎದುರಿನವರ ಎದೆ ನಡುಗಬೇಕು. ಸದ್ದು ದೊಡ್ಡದಾದಷ್ಟೂ ಬಿಲ್ಲಿಗೆ ಹಿರಿಮೆ ಜಾಸ್ತಿ. ಬೇಟೆಗಾರನಿಗೆ ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ. ಹಾಗಾಗಿ ಠೇಂಕಾರ ಅನ್ನುವ ಪದವನ್ನು ಒಂದು ಕುಂದಿನ ಹೆಸರಾಗಿ ಬಳಸಲು ಕೈ ಬರುತ್ತಿಲ್ಲ. 'ಈ ಬಿಲ್ಲಿನ ಠೇಂಕಾರ ಜಾಸ್ತಿ' ಅಂತ ಬರೆದರೆ ಓದುವವರಿಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತದೆ, ಅಲ್ವಾ?

ಇನ್ನೂ ಒಂದು ಕಾರಣ ಇದೆ. ಕಾಂಪೌಂಡ್ ಬಿಲ್ಲನ್ನು ಯಾರೂ ಜೇವೊಡೆಯಲೇಬಾರದು. ಬಾಣ ಹೂಡದೆ ಹೆದೆ ಎಳೆದು ಬಿಟ್ಟರೆ, ಬಾಣ ಹೊತ್ತೊಯ್ಯಬೇಕಿದ್ದ ಬಲವೆಲ್ಲ ಬಿಲ್ಲಿನ ಮೇಲೇ ತಿರುಗಿ ಬೀಳುತ್ತದೆ. ಬಿಲ್ಲಿನ ತೋಳು (ಹಿಡಿಯ ಮೇಲೂ ಕೆಳಗೂ ಬಾಗುವ ಭಾಗ) ಸೀಳಬಹುದು, ಹೆದೆ ಹರಿಯಬಹುದು, ಗಾಲಿ ಬಾಗಬಹುದು. ಹಿಡಿದವನಿಗೂ ಗಾಯ ಆಗಬಹುದು. ಅಂಗಡಿಯಲ್ಲಿ ಸುಮ್ನೆ ಎತ್ತಿ ನೋಡುವಾಗಲೂ ಇದು ನೆನಪಿರಬೇಕು. ಇದಕ್ಕೆ 'ಬರಿಹೊಡೆತ' ಅಂತ ಬರೆದುಕೊಂಡಿದ್ದೇನೆ. ಬರಿಗೈ, ಬರಿಗಾಲು ಇದ್ದ ಹಾಗೆ. ಎಚ್ಚರಿಕೆಯ ಮಾತಿಗೆ ಇಷ್ಟು ಚಿಕ್ಕ ಪದವೇ ಒಳ್ಳೆಯದು ಅನ್ನಿಸುತ್ತದೆ.

ಇನ್ನು ಬಿಲ್ಲಿನ ಹೆಸರು. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಈ ಬಗೆಯ ಬಿಲ್ಲಿಗೆ 1966ರಲ್ಲಿ ಪೇಟೆಂಟ್ ಕೇಳಿ ಅರ್ಜಿ ಹಾಕಿದರು, 1969ರಲ್ಲಿ ಅದು ಸಿಕ್ಕಿತು. ಕನ್ನಡದಲ್ಲಿ 'ಸಂಯುಕ್ತ ಬಿಲ್ಲು' ಅನ್ನಬಹುದು. ಆದರೆ ಕೊಂಬು, ಮರ, ನರ ಸೇರಿಸಿ ಅಂಟಿಸಿದ ಹಳೆಯ ಕಾಲದ ಬಿಲ್ಲಿಗೂ ಅದೇ ಹೆಸರು ಹೊಂದುತ್ತದೆ. ಎರಡೂ ಬೇರೆಬೇರೆ. ಇಲ್ಲಿ ಮುಖ್ಯವಾದದ್ದು ತೋಳಿನ ತುದಿಗಳಲ್ಲಿರುವ ಗಾಲಿಗಳು. ಅವು ನಡು ತಪ್ಪಿಸಿ ಕೂರಿಸಿದ ಗಾಲಿಗಳು. ಆದ್ದರಿಂದಲೇ ಹೆದೆಯನ್ನು ಪೂರ್ತಿ ಸೆಳೆದಾಗ ಕೈಗೆ ಭಾರ ಒಮ್ಮೆಲೇ ಇಳಿಯುತ್ತದೆ. ಈಗಿನ ಬೇಟೆಬಿಲ್ಲುಗಳಲ್ಲಿ ನೂರಕ್ಕೆ 80ರಿಂದ 85ರಷ್ಟು ಇಳಿಯುವುದು ಮಾಮೂಲು. ಸೆಳೆಯಲು 70 ಪೌಂಡ್ ಬಲ ಬೇಕಾದ ಬಿಲ್ಲನ್ನು ಪೂರ್ತಿ ಸೆಳೆದು ನಿಂತವನ ಬೆರಳಿಗೆ 10-14 ಪೌಂಡ್ ಮಾತ್ರ. 'ರಾಟೆಬಿಲ್ಲು' ಅಂದರೆ ಈ ಗುಣ ಹೆಸರಲ್ಲೇ ಬರುತ್ತದೆ. ಆದರೂ ಅಂಗಡಿಯಲ್ಲಿ ಕೇಳುವವನು ಕಾಂಪೌಂಡ್ ಅಂತಲೇ ಕೇಳಬೇಕು. ಅದಕ್ಕೆ ಸದ್ಯಕ್ಕೆ ಕಾಂಪೌಂಡ್ ಬಿಲ್ಲು ಅಂತಲೇ ಇಟ್ಟಿದ್ದೇನೆ. ಬದಲಿಸಲೇಬೇಕು ಅನ್ನುವವರಿದ್ದರೆ ತಿಳಿಸಿ.

ಹೆದೆ ಅನ್ನುವುದರಲ್ಲೂ ಒಂದು ಸಿಕ್ಕು. ಹಕಾರ ಬಿಟ್ಟು ಮಾತಾಡುವವರ ಬಾಯಲ್ಲಿ ಹೆದೆಯೂ ಎದೆಯೂ ಒಂದೇ. 'ಹೆದೆ ಎದೆಗೆ ತಾಗದಂತೆ ನಿಲ್ಲಿ' ಅನ್ನುವ ಸಾಲನ್ನು ಗಟ್ಟಿಯಾಗಿ ಓದಿ ನೋಡಿ. ನಾಣು ಅಂದರೆ ನಾಚಿಕೆಯ ಅರ್ಥ ಮುಂದೆ ಬರುತ್ತದೆ. ನಾರಿ, ತಿರು ಎರಡೂ ಹಳೆಯ ಪದಗಳು, ಇಂದಿನ ಓದುಗರಿಗೆ ದೂರ. ಇಷ್ಟಾದರೂ ಹೆದೆಯೇ ಇರಲಿ ಅನ್ನುವುದು ನನ್ನ ಒಲವು. ಹೆದೆಯೇರಿಸು ಅನ್ನುವ ಮಾತು ಇವತ್ತಿಗೂ ಎಲ್ಲರಿಗೂ ಅರ್ಥವಾಗುತ್ತದೆ.

ಈಗ ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ಬಿಲ್ಲಿನ ಸದ್ದು ಒಂದೇ ಸದ್ದಲ್ಲ. ಕಿವಿಗೊಟ್ಟು ಕೇಳಿದರೆ ಕಡೇಪಕ್ಷ ಮೂರು ಸದ್ದು ಬೇರೆಬೇರೆಯಾಗಿ ಸಿಗುತ್ತವೆ. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಎಲ್ಲವನ್ನೂ ಬರೀ 'ಸದ್ದು' ಅಂತ ಬರೆದರೆ, ಕೊಳ್ಳುವವನು ಒಂದಕ್ಕೆ ಹಾಕುವ ಮದ್ದನ್ನು ಇನ್ನೊಂದಕ್ಕೆ ಹಾಕುತ್ತಾನೆ. ಅನುಕರಣ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ. ಅವನ್ನೇ ಇಲ್ಲಿ ದುಡಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ.

ಒಂದು, ಹೆದೆಯ 'ಝುಂಯ್'. ಬಾಣ ಬಿಟ್ಟ ಮೇಲೂ ಹೆದೆ ನಡುಗುತ್ತಲೇ ಇರುತ್ತದೆ. ಆ ನಡುಕದ ದನಿ ಇದು, ಸ್ವಲ್ಪ ಎಳೆದ ದನಿ. ಇದನ್ನು 'ಮಿಡಿತ' ಅನ್ನೋಣವೇ? ಹೆದೆಯನ್ನು ಮಿಡಿಯುವುದು ಹಳೆಯ ಬಳಕೆ, ಹಾಗಾಗಿ ಪದ ಹೊರಗಿನಿಂದ ಬಂದದ್ದಲ್ಲ. ತೊಂದರೆ ಏನೆಂದರೆ ಮಿಡಿತ ಅಂದ ಕೂಡಲೇ ಈಗ ಎಲ್ಲರಿಗೂ ಹೃದಯ ನೆನಪಾಗುತ್ತದೆ. ಈ ಸದ್ದನ್ನು ತಗ್ಗಿಸುವುದು ಸುಲಭ. ಹೆದೆಗೆ ರಬ್ಬರಿನ ಎಳೆಗಳ ಗೊಂಚಲು ಇಲ್ಲವೇ ತುಪ್ಪಳದ ತುಂಡು ಕಟ್ಟುತ್ತಾರೆ. ಹೆದೆಯ ತೂಕ ಕೊಂಚ ಏರುತ್ತದೆ, ಬಾಣದ ವೇಗ ಕೊಂಚ ಇಳಿಯುತ್ತದೆ. ಇನ್ನೊಂದು ದಾರಿ, ಬಿಲ್ಲಿನ ನಡುವಿನಿಂದ ಹಿಂದಕ್ಕೆ ಚಾಚಿದ ಕಡ್ಡಿ, ಅದರ ತುದಿಯಲ್ಲಿ ರಬ್ಬರ್. ವಾಪಸು ಬಂದ ಹೆದೆ ಅದಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಈಗಿನ ಬಿಲ್ಲುಗಳಲ್ಲಿ ಇದು ಹೆಚ್ಚಾಗಿ ಜೊತೆಗೇ ಬರುತ್ತದೆ. ಇದಕ್ಕೆ 'ಹೆದೆತಡೆ' ಅಂತ ಬರೆದಿದ್ದೇನೆ.

ಎರಡು, ಬಿಲ್ಲಿನ ಮೈಯ 'ಧಡ್'. ಇದು ದಪ್ಪ ದನಿ, ಅಂಗೈಗೆ ಗುದ್ದಿದಂತೆ ಗೊತ್ತಾಗುತ್ತದೆ. ಬಿಲ್ಲು ಆರಿಸುವಾಗ ನಿಜವಾಗಿ ತೂಗಿ ನೋಡಬೇಕಾದದ್ದು ಇದನ್ನೇ. ಝುಂಯ್ ಅನ್ನುವುದನ್ನು ಆಮೇಲೂ ತಗ್ಗಿಸಬಹುದು. ಧಡ್ ಮಾತ್ರ ಬಿಲ್ಲಿನ ಹುಟ್ಟಿನಲ್ಲೇ ಇರುತ್ತದೆ. ಸೆಳೆದಾಗ ತೋಳುಗಳಲ್ಲಿ ಕೂಡಿದ ಶಕ್ತಿಯನ್ನೆಲ್ಲ ಬಾಣ ಒಯ್ಯುವುದಿಲ್ಲ. ಅದು ಬಿಟ್ಟುಹೋದ ಪಾಲು ಬಿಲ್ಲಿನಲ್ಲೇ ಉಳಿದು ಅದುರಾಗಿ, ಸದ್ದಾಗಿ ಹೊರಬೀಳುತ್ತದೆ. ಬಾಣ ಹಗುರವಾದಷ್ಟೂ ಈ ಉಳಿಕೆ ಜಾಸ್ತಿ. ಕೈಬೀಸಿ ಸಣ್ಣ ಹರಳು ಎಸೆದರೆ ಭುಜ ಜಗ್ಗುತ್ತದೆ, ಹದ ತೂಕದ ಕಲ್ಲು ಎಸೆದರೆ ಜಗ್ಗುವುದಿಲ್ಲ. ಬಿಲ್ಲಿನಲ್ಲೂ ಆಗುವುದು ಅದೇ.

ಹಾಗಾಗಿ ಸದ್ದು ತಗ್ಗಿಸಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಬಾಣದ ತೂಕ ಏರಿಸಿ ಅಂತ. ಬಾಣವನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಕಂಪನಿಗಳು ಸಾರುವ ವೇಗ ಹೆಚ್ಚಾಗಿ 70 ಪೌಂಡ್ ಸೆಳೆತ, 30 ಇಂಚು ಸೆಳೆತದ ಉದ್ದ, 350 ಗ್ರೇನ್ ಬಾಣದ್ದು. 350 ಗ್ರೇನ್ ಅಂದರೆ ಸುಮಾರು 23 ಗ್ರಾಂ. ಸೆಳೆತದ ಪ್ರತಿ ಪೌಂಡಿಗೆ 5 ಗ್ರೇನ್ ಲೆಕ್ಕ ಹಾಕಿದರೆ ಅದು ಸುರಕ್ಷತೆಯ ಕೊನೆಯ ಅಂಚು. ಅದಕ್ಕಿಂತ ಹಗುರವಾದರೆ ಬರಿಹೊಡೆತದ ಕಡೆಗೆ ಹೋದಂತೆ. ಬೇಟೆಗೆ 450 ಗ್ರೇನ್, ಅಂದರೆ 29 ಗ್ರಾಂ ಹತ್ತಿರದ ಬಾಣ ಹಾಕಿದರೆ ಅದೇ ಬಿಲ್ಲು ಬೇರೆಯದೇ ದನಿಯಲ್ಲಿ ಬಿಡುತ್ತದೆ. ವೇಗ ಇಳಿಯುತ್ತದೆ ನಿಜ. ನಾಟುವ ಬಲಕ್ಕೆ ನಷ್ಟ ಇಲ್ಲ.

ಧಡ್ ಅನ್ನುವುದನ್ನು ಬಿಲ್ಲಿನ ಆಕಾರದಲ್ಲೂ ಗುರುತಿಸಬಹುದು. ಹೆದೆಯೇರಿಸಿದ ಬಿಲ್ಲನ್ನು ಪಕ್ಕದಿಂದ ನೋಡಿ. ಎರಡು ತೋಳುಗಳೂ ನೆಲಕ್ಕೆ ಸಮವಾಗಿ ಮಲಗಿದಂತಿದ್ದರೆ ಒಳ್ಳೆಯದು. ಬಾಣ ಬಿಟ್ಟಾಗ ಮೇಲಿನ ತೋಳು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಹಾರುತ್ತದೆ. ಒಂದರ ಜಗ್ಗಾಟವನ್ನು ಇನ್ನೊಂದು ಕಳೆಯುತ್ತದೆ. ಹಳೆಯ ಬಿಲ್ಲುಗಳಲ್ಲಿ ತೋಳುಗಳು ಮುಂದಕ್ಕೆ ಹಾರುತ್ತಿದ್ದವು, ಬಿಲ್ಲು ಕೈಯಿಂದ ನೆಗೆಯುತ್ತಿತ್ತು. ತೋಳು ಮಲಗಿದಂತಿರುವ ಬಿಲ್ಲಿಗೆ 'ಸಮತೋಳಿನ ಬಿಲ್ಲು' ಅಂದರೆ ಸಾಕಲ್ವಾ? ತೋಳು ಬೇಡ, ಕೈ ಅನ್ನಿ ಅಂತ ಗೆಳೆಯರೊಬ್ಬರು ಹೇಳಿದರು. ಬಿಲ್ಲು ಹಿಡಿಯುವ ಕೈಯ ಮಾತು ಪ್ರತಿ ಪುಟದಲ್ಲೂ ಬರುವುದರಿಂದ ನಾನು ಒಪ್ಪಲಿಲ್ಲ.

ಹಿಡಿಗೂ ಹೆದೆಗೂ ನಡುವಿನ ದೂರ ಇನ್ನೊಂದು ಗುರುತು. ಬ್ರೇಸ್ ಹೈಟ್ ಅಂತ ಕರೆಯುವುದು ಇದನ್ನೇ. 6 ಇಂಚಿನ ಬಿಲ್ಲಿನಲ್ಲಿ ಹೆದೆ ಬಾಣವನ್ನು ಹೆಚ್ಚು ದೂರ ತಳ್ಳುತ್ತದೆ, ವೇಗ ಜಾಸ್ತಿ. 7 ಇಂಚಿನದ್ದು ಸ್ವಲ್ಪ ನಿಧಾನ. ಆದರೆ ಕೈ ಕೊಂಚ ಅಲುಗಿದರೂ ಕ್ಷಮಿಸುತ್ತದೆ, ಸದ್ದೂ ಸಾಮಾನ್ಯವಾಗಿ ಕಡಿಮೆ. ಗಾಲಿಯ ವಿಷಯದಲ್ಲೂ ಹೀಗೇ. ಸೆಳೆತದ ಬಲವನ್ನು ಗಡುಸಾಗಿ ಏರಿಸಿ ತಟಕ್ಕನೆ ಇಳಿಸುವ ಗಾಲಿ ವೇಗಕ್ಕೆ, ಮೆದುವಾಗಿ ಏರಿಸಿ ಇಳಿಸುವ ಗಾಲಿ ಬೇಟೆಗೆ. ಬ್ರೇಸ್ ಹೈಟಿಗೆ 'ಹೆದೆದೂರ' ಅಂತ ಹಾಕಿದ್ದೇನೆ. ಎತ್ತರ ಅಂದರೆ ಖಂಡಿತ ತಪ್ಪು ಅರ್ಥ ಆಗುತ್ತದೆ. ಸೆಳೆತದ ಲೆಕ್ಕಕ್ಕೂ 'ಭಾರ' ಅನ್ನದೆ 'ಸೆಳೆಬಲ' ಅಂದಿದ್ದೇನೆ. ಇಲ್ಲವಾದರೆ 70 ಪೌಂಡ್ ಅನ್ನುವುದನ್ನು ಬಿಲ್ಲಿನ ತೂಕ ಅಂತಲೇ ಓದಿಕೊಳ್ಳುತ್ತಾರೆ.

ಮೂರನೆಯದು 'ಲೊಡಲೊಡ'. ಸಡಿಲವಾದ ತಿರುಪು, ಬಿಲ್ಲಿಗೇ ಸಿಕ್ಕಿಸಿದ ಬತ್ತಳಿಕೆ, ಅಲುಗುವ ಗುರಿಕಡ್ಡಿ, ಇವೆಲ್ಲದರ ಸದ್ದು. ತಿರುಪು ಬಿಗಿ ಮಾಡಿದರೆ ಅರ್ಧ ಹೋಗುತ್ತದೆ. ಬಾಣ ಹೂಡುವಾಗ ಅದರ ಕಡ್ಡಿ ಲೋಹಕ್ಕೆ ತಾಗಿ 'ಟಕ್' ಅನ್ನುವುದನ್ನೂ ಇದರ ಜೊತೆಗೇ ಸೇರಿಸಿದ್ದೇನೆ. ಅಲ್ಲಿ ತೆಳು ಫೆಲ್ಟ್ ಬಟ್ಟೆ ಅಂಟಿಸಿದರೆ ಆಯಿತು.

ಇಷ್ಟೆಲ್ಲ ಯಾಕೆ ಅನ್ನುವುದನ್ನೂ ಹೇಳಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಬೇಟೆಯ ಬಾಣ ಸುಮಾರು 85 ಮೀಟರ್. 20 ಮೀಟರ್ ದೂರದ ಜಿಂಕೆಗೆ ಸದ್ದು 0.06 ಸೆಕೆಂಡಿನಲ್ಲಿ ತಲುಪಿದರೆ, ಬಾಣಕ್ಕೆ 0.24 ಸೆಕೆಂಡ್ ಬೇಕು. ನಡುವಿನ 0.18 ಸೆಕೆಂಡಿನಲ್ಲಿ ಜಿಂಕೆ ಸುಮ್ಮನಿರುವುದಿಲ್ಲ. ನೆಗೆಯಲೆಂದು ಕಾಲು ಮಡಚಿ ಮೈ ತಗ್ಗಿಸುತ್ತದೆ. ಬಾಣ ಮೇಲಿಂದ ಹಾದುಹೋಗುತ್ತದೆ, ಇಲ್ಲವೇ ಬೇರೆಲ್ಲೋ ನಾಟಿ ಪ್ರಾಣಿ ನರಳುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆ ಇದಕ್ಕೆ ಹೆಸರುವಾಸಿ. ಸೆಕೆಂಡಿಗೆ 107 ಮೀಟರ್ ಬಿಡುವ ಅತಿ ವೇಗದ ಬಿಲ್ಲು ತಂದರೂ ನಡುವಿನ ಹೊತ್ತು 0.13 ಸೆಕೆಂಡಿಗೆ ಇಳಿಯುತ್ತದೆ ಅಷ್ಟೆ. ಸದ್ದನ್ನು ಓಟದಲ್ಲಿ ಗೆಲ್ಲುವ ಬಿಲ್ಲು ಇಲ್ಲ. ಅದಕ್ಕೇ ವೇಗದ ಹಿಂದೆ ಹೋಗಬೇಡಿ, ಜಿಂಕೆ ಬೆಚ್ಚದಂಥ ಬಿಲ್ಲು ನೋಡಿ ಅಂತ ಅಷ್ಟು ಒತ್ತಿ ಬರೆಯುತ್ತಿದ್ದೇನೆ. ಹೆದೆಯ ಸದ್ದಿಗೆ ಪ್ರಾಣಿ ಹೀಗೆ ಅಲುಗುವುದಕ್ಕೆ 'ಹೆದೆಬೆಚ್ಚು' ಅಂತ ಒಂದು ಪದ ಕಟ್ಟಿದ್ದೇನೆ. ಇದು ನನಗೆ ಬಹಳ ಹಿಡಿಸಿದೆ. ನಮ್ಮ ಕತೆಗಳಲ್ಲಿ ಶಬ್ದವೇಧಿ ಇದೆ, ಸದ್ದು ಕೇಳಿಯೇ ಗುರಿಗೆ ಹೊಡೆಯುವ ವಿದ್ಯೆ. ಇಲ್ಲಿ ಸದ್ದು ಕೇಳಿ ಗುರಿಯೇ ತಪ್ಪಿಸಿಕೊಳ್ಳುತ್ತದೆ. ಅದಕ್ಕೂ ಒಂದು ಹೆಸರು ಇರಲೇಬೇಕು.

ಕೊಳ್ಳುವ ಮುಂಚೆ ಕೇಳಿ ನೋಡುವ ಬಗೆಗೆ ಎರಡು ಮಾತು. ಬೇರೆಬೇರೆ ಬಿಲ್ಲುಗಳನ್ನು ಹೋಲಿಸುವಾಗ ಸೆಳೆಬಲ ಒಂದೇ ಇರಲಿ, ಬಾಣದ ತೂಕವೂ ಒಂದೇ ಇರಲಿ. ಒಂದಕ್ಕೆ ಹಗುರ ಬಾಣ, ಇನ್ನೊಂದಕ್ಕೆ ತೂಕದ ಬಾಣ ಹಾಕಿ ಹೋಲಿಸಿದರೆ ಬಾಣವನ್ನು ಹೋಲಿಸಿದಂತಾಯಿತು. ನಾಲ್ಕು ಗೋಡೆಯ ಒಳಗೆ ಮಾರ್ದನಿ ಬೆರೆಯುತ್ತದೆ, ಬಯಲಲ್ಲಿ ಹೊಡೆದು ಕೇಳಿ. ಬಿಡುವವನ ಕಿವಿ ಹೆದೆಯ ಪಕ್ಕದಲ್ಲೇ ಇರುತ್ತದೆ, ಜಿಂಕೆಯ ಕಿವಿ ಇರುವುದು ಮುಂದೆ. ಆದ್ದರಿಂದ ಬಾಣದ ದಾರಿಯಿಂದ ಚೆನ್ನಾಗಿ ದೂರ, ಗಟ್ಟಿ ಮರೆಯ ಹಿಂದೆ ಇನ್ನೊಬ್ಬರನ್ನು ನಿಲ್ಲಿಸಿ ಅವರಿಗೆ ಏನು ಕೇಳಿಸಿತು ಅಂತ ಕೇಳಬೇಕು. ಅವರು ಝುಂಯ್ ಅಂದರೋ ಧಡ್ ಅಂದರೋ ಅನ್ನುವುದು ಗೊತ್ತಾದರೆ ಆ ಬಿಲ್ಲು ತಗೊಳ್ಳಬೇಕೋ ಬೇಡವೋ ತಿಳಿಯುತ್ತದೆ. ಝುಂಯ್ ಅಂದರೆ ಹೆದೆತಡೆ ಹಾಕಿಸಿ ತಗೊಳ್ಳಬಹುದು. ತೂಕದ ಬಾಣಕ್ಕೂ ಧಡ್ ಅಂದರೆ ಆ ಬಿಲ್ಲು ಬೇಡ.

ಕೊನೆಯದಾಗಿ, ಅಧ್ಯಾಯದ ಹೆಸರು. 'ನಿಶ್ಶಬ್ದ ಬಿಲ್ಲು' ಮತ್ತು 'ಸದ್ದಿಲ್ಲದ ಬಿಲ್ಲು' ಎರಡನ್ನೂ ಬಿಟ್ಟಿದ್ದೇನೆ. ಸದ್ದೇ ಮಾಡದ ಬಿಲ್ಲು ಯಾವುದೂ ಇಲ್ಲ, ಓದುವವರಿಗೆ ಇಲ್ಲದ್ದನ್ನು ಹೇಳಬಾರದು. 'ಮೌನ ಬಿಲ್ಲು' ಕವಿತೆಯಂತಾಗುತ್ತದೆ. ಉಳಿದದ್ದು 'ಮೆಲ್ಸದ್ದಿನ ಬಿಲ್ಲು'. ಮೆಲ್ನುಡಿ, ಮೆಲ್ದನಿ ಇರುವಾಗ ಮೆಲ್ಸದ್ದು ಯಾಕಾಗಬಾರದು? ಆದರೂ ಬಾಯಲ್ಲಿ ಹೇಳುವಾಗ ಲಕಾರ ಸಕಾರ ಡಿಕ್ಕಿ ಹೊಡೆಯುತ್ತವೆ. ಮೆಲುಸದ್ದು ಅಂತ ಬಿಡಿಸಿ ಬರೆಯುವುದು ಒಳ್ಳೆಯದೇ?

ಮಿಡಿತ, ಹೆದೆತಡೆ, ಹೆದೆದೂರ, ಹೆದೆಬೆಚ್ಚು, ಈ ನಾಲ್ಕರ ಬಗ್ಗೆ ನಿಮ್ಮ ಅನಿಸಿಕೆ ಮುಖ್ಯವಾಗಿ ಬೇಕು. ಧಡ್ ಅನ್ನುವುದಕ್ಕೆ ನನ್ನ ಹತ್ತಿರ ಇನ್ನೂ ನಾಮಪದ ಇಲ್ಲ. ಗುದ್ದು ಅಂದರೆ ಹೊಡೆತ ಆಗುತ್ತದೆ, ಅದುರು ಅಂದರೆ ಸದ್ದು ಬಿಟ್ಟುಹೋಗುತ್ತದೆ. ಮೈಯ ಅದುರು ಮತ್ತು ದಪ್ಪ ದನಿ ಎರಡನ್ನೂ ಒಟ್ಟಿಗೆ ಹೇಳುವ ಪದ ನಿಮ್ಮ ಆಡುಮಾತಿನಲ್ಲಿದ್ದರೆ ದಯವಿಟ್ಟು ಬರೆಯಿರಿ. ಅದನ್ನು ಯಾವ ವಸ್ತುವಿನ ಸದ್ದಿಗೆ ಬಳಸುತ್ತೀರಿ ಅನ್ನುವುದನ್ನೂ ಜೊತೆಗೆ ತಿಳಿಸಿ.